ಚೂರು ಅಂದರೆ ಎಷ್ಟು? ಚಿಟಿಕೆ, ನವಟಾಕು, ಮುಚ್ಚಳಗಳ ಲೆಕ್ಕ

ಶಿರಸಿ ಸೀಮೆಯ ಒಂದೆಲಗದ ತಂಬುಳಿಯನ್ನು ಮೊಬೈಲಿನಲ್ಲಿ ನೋಡಿ ಕಲಿಯಲು ಹೊರಟವರು ಎಡವುವುದು ಒಂದೇ ಜಾಗದಲ್ಲಿ. ಎಲೆ ಒಂದು ಹಿಡಿ, ಕಾಯಿತುರಿ ಅರ್ಧ ಕಪ್ಪು, ಮಜ್ಜಿಗೆ ಎರಡು ಲೋಟ ಎನ್ನುವವರೆಗೆ ಎಲ್ಲ ಸರಿ. ಆಮೇಲೆ ಬರುತ್ತದೆ: ‘ಒಂಚೂರು ಬೆಲ್ಲ, ರುಚಿಗೆ ಉಪ್ಪು.’ ಕಾರವಾರದ ಕೊಂಕಣಿ ಅಡುಗೆಯಾದರೆ ಇದೇ ಜಾಗದಲ್ಲಿ ‘ಇಲ್ಲೆಶೆ’ ಅಥವಾ ‘ಮಾತ್ಶೆ’ ಇರುತ್ತದೆ. ಹೇಳುವವರೂ ಮಾಡುವವರೂ ಒಂದೇ ಒಲೆಯ ಮುಂದೆ ನಿಂತಿದ್ದಾಗ ಈ ಮಾತುಗಳಿಂದ ತೊಂದರೆ ಇರಲಿಲ್ಲ. ಈಗ ಅಡುಗೆ ಮಾತ್ರವಲ್ಲ, ಮಗುವಿನ ಜ್ವರಕ್ಕೆ ಎಷ್ಟು ಔಷಧ, ಅಡಿಕೆಗೆ ಯಾವ ಸಿಂಪರಣೆ ಎಂಬ ಸಲಹೆಯೂ ಧ್ವನಿಸಂದೇಶದಲ್ಲಿ ಊರಿಂದೂರಿಗೆ ಹೋಗುತ್ತದೆ. ಮಾತು ಹೋಗುತ್ತದೆ, ಅದರ ಜೊತೆಗಿದ್ದ ಚಮಚ, ಮುಚ್ಚಳ, ಬೆರಳು ಹೋಗುವುದಿಲ್ಲ.

ಗೊಂದಲದ ಮೂಲ ಇಷ್ಟು: ಚೂರು, ತುಸು, ಕೊಂಚ ಇವು ಅಳತೆಗಳಲ್ಲ. ‘ಹಾಕುತ್ತ ನೋಡು, ಗುರುತು ಕಂಡಾಗ ನಿಲ್ಲಿಸು’ ಎಂಬ ಸೂಚನೆಗಳು. ಗುರುತು ನಾಲಿಗೆಗೋ ಕಣ್ಣಿಗೋ ಸಿಗುವ ಕೆಲಸದಲ್ಲಿ ಗ್ರಾಂ ಲೆಕ್ಕಕ್ಕಿಂತ ‘ಚೂರು’ ಹೆಚ್ಚು ಸರಿಯಾದ ಸೂಚನೆ. ಗುರುತು ಕಾಣದ, ಅಥವಾ ತಡವಾಗಿ ಕಾಣುವ ಕೆಲಸದಲ್ಲಿ ಅದೇ ಮಾತು ಕೆಡುಕು ಮಾಡುತ್ತದೆ.

ಮಾತುಗಳ ಹುಟ್ಟನ್ನೇ ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ. ‘ಸ್ವಲ್ಪ’ ಸಂಸ್ಕೃತದ ಸು ಮತ್ತು ಅಲ್ಪ ಸೇರಿ ಆದದ್ದು, ಅಂದರೆ ಬಹಳ ಕಡಿಮೆ ಎಂದೇ ಅದರ ಮೂಲಾರ್ಥ. ಇವತ್ತಿನ ‘ಸ್ವಲ್ಪ ಜಾಗ ಬಿಡಿ’ಯಲ್ಲಿ ಆ ‘ಬಹಳ’ ಉಳಿದಿಲ್ಲ. ಬಯಲುಸೀಮೆಯಿಂದ ಕಾರವಾರದವರೆಗೆ ಕೇಳುವ ‘ಜರಾ’ ಅರಬ್ಬಿಯ ಜರ್ರಾ, ಧೂಳಿನ ಕಣ. ‘ರವಷ್ಟು’ ಎಂಬುದರಲ್ಲಿ ರವೆಯ ಕಾಳಿದೆ. ‘ಎಳ್ಳಷ್ಟು’, ‘ಸಾಸಿವೆಯಷ್ಟು’ ಬಿಡಿಸಿ ಹೇಳಬೇಕಿಲ್ಲ. ‘ಚೂರು’ ಒಡೆದ ತುಂಡು: ಗಾಜಿನ ಚೂರು, ಕೊಬ್ಬರಿ ಚೂರು. ವಸ್ತುವಿನ ಹೆಸರಾಗಿದ್ದದ್ದು ಜಾರುತ್ತ ಬಂದು ಕ್ರಿಯೆಗೂ ಅಂಟಿಕೊಂಡಿತು. ‘ಚೂರು ಕೂತ್ಕೊ’, ‘ಚೂರು ನೋಡು’ ಎನ್ನುವಾಗ ಒಡೆಯಲು ಏನೂ ಇಲ್ಲ, ಮಾತಿನ ಬಿಗಿ ಸಡಿಲಿಸುವ ಕೆಲಸ ಮಾತ್ರ. ಹವ್ಯಕರ ಊಟದ ಪಂಕ್ತಿಯಲ್ಲಂತೂ ‘ಒಂಚೂರು’ ಪೂರ್ತಿ ಮರ್ಯಾದೆಯ ಮಾತು. ಬಡಿಸುವವರು ‘ಒಂಚೂರು ಹಾಕ್ತಿ’ ಅಂದರೆ ಸೌಟು ತುಂಬ ಎಂದು ತಿಳಿಯಬೇಕು. ಉಣ್ಣುವವರು ‘ಒಂಚೂರು ಸಾಕು’ ಅಂದರೆ ಮತ್ತೊಮ್ಮೆ ಕೇಳಿ ಎಂದೂ ತಿಳಿಯಬಹುದು. ನಿಜವಾಗಿ ಬೇಡದವರು ಬಾಳೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯುತ್ತಾರೆ.

ಅಳತೆ ಇದ್ದ ಮಾತುಗಳ ಕಥೆ ಬೇರೆ. ಕೆನರಾ ಜಿಲ್ಲೆಯ ಉತ್ತರ ಭಾಗ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ನಡುವಿನ ತೊಂಬತ್ತು ಚಿಲ್ಲರೆ ವರ್ಷಗಳಲ್ಲಿ ಈ ಜಿಲ್ಲೆಯ ಅಂಗಡಿಗಳಿಗೆ ಮುಂಬಯಿ ಕಡೆಯ ತೂಕದ ಮಾತುಗಳು ಬಂದು ನೆಲೆಸಿದವು: ಅಚ್ಛೇರು ಅಂದರೆ ಅರ್ಧ ಶೇರು, ಪಾವಶೇರು ಅಂದರೆ ಕಾಲು, ನವಟಾಕು ಅಂದರೆ ಎಂಟರಲ್ಲೊಂದು, ಚಟಾಕು ಅಂದರೆ ಹದಿನಾರರಲ್ಲೊಂದು. ಕೊನೆಯ ಎರಡರಲ್ಲಿ ಒಂದು ಒಗಟಿದೆ. ಟಂಕ ಎಂಬುದು ಹಳೆಯ ಕಾಲದ ಒಂದು ಸಣ್ಣ ತೂಕ. ನವಟಾಕಿನ ಹೆಸರಿನಲ್ಲಿ ಒಂಬತ್ತು ಟಂಕ ಇದೆ, ಚಟಾಕಿನಲ್ಲಿ ಆರು ಟಂಕ. ಹೆಸರನ್ನು ನಂಬಿದರೆ ನವಟಾಕು ಚಟಾಕಿನ ಒಂದೂವರೆ ಪಟ್ಟು ಇರಬೇಕಿತ್ತು. ತಕ್ಕಡಿಯಲ್ಲಿ ಅದು ಎರಡು ಪಟ್ಟು.

ಉತ್ತರ ಹಳೆಯ ಮುಂಬಯಿ ಶೇರಿನಲ್ಲಿದೆ. ಆ ಶೇರು ಸಣ್ಣದು, 72 ಟಂಕದ್ದು, ಇಂದಿನ ಲೆಕ್ಕದಲ್ಲಿ ಸುಮಾರು 318 ಗ್ರಾಂ. ಅದರ ಎಂಟರಲ್ಲೊಂದು ಪಾಲು ಸರಿಯಾಗಿ ಒಂಬತ್ತು ಟಂಕ, ಸುಮಾರು 40 ಗ್ರಾಂ. ಆಗ ಹೆಸರಿಗೂ ತೂಕಕ್ಕೂ ಹೊಂದಿಕೆ ಇತ್ತು. ಚಟಾಕು ಬೇರೆ ಶೇರಿನ ಲೆಕ್ಕದಿಂದ ಬಂದು ಅದರ ಪಕ್ಕ ಕೂತಿತು. ಮುಂದೆ 80 ತೊಲದ ದೊಡ್ಡ ಸೇರು ರೂಢಿಗೆ ಬಂತು, 1939ರ ಕಾನೂನು ಅದನ್ನೇ ಇಡೀ ಬ್ರಿಟಿಷ್ ಭಾರತಕ್ಕೆ ಗೊತ್ತುಮಾಡಿತು. ಆ ಸೇರು 933 ಗ್ರಾಂ. ನವಟಾಕು ‘ಎಂಟರಲ್ಲೊಂದು’ ಎಂಬ ಅರ್ಥವನ್ನು ಬಿಡದೆ ಹೊಸ ಸೇರಿಗೆ ಹತ್ತಿತು, ತೂಕ ಸುಮಾರು 117 ಗ್ರಾಮಿಗೆ ಏರಿತು. ಹೆಸರಿನ ಒಂಬತ್ತು ಹಾಗೇ ಉಳಿಯಿತು, ಒಳಗಿನ ಸರಕು ಹೆಚ್ಚುಕಡಿಮೆ ಮೂರು ಪಟ್ಟಾಯಿತು. ಚಟಾಕು 5 ತೊಲ, ಅಂದರೆ 58 ಗ್ರಾಂ. (ಹಾಸ್ಯ ಚಟಾಕಿ ಈ ಮನೆಯದಲ್ಲ. ಹಾರಿಸುವ ಚಟಾಕಿ ಪಟಾಕಿಯ ನೆಂಟ.)

1956ರಲ್ಲೇ ಮೆಟ್ರಿಕ್ ತೂಕದ ಕಾನೂನೂ ಬಂತು. 1960ರ ದಶಕದ ಮೊದಲ ವರ್ಷಗಳಲ್ಲಿ ಸೇರಿನ ಬಟ್ಟುಗಳು ಅಂಗಡಿಯಿಂದ ಇಳಿದವು. ಆಗ ಯಾವ ಮಾತು ಸತ್ತಿತು, ಯಾವುದು ಬದುಕಿತು ಎಂಬುದನ್ನು ಗಮನಿಸಬೇಕು. ‘ಪಾವ್ ಕಿಲೋ’ ಇವತ್ತಿಗೂ ಕಾರವಾರದ ಬಾಯಲ್ಲಿದೆ. ಪಾವು ಎಂದರೆ ಕಾಲು ಎಂಬ ಭಾಗ, ಸೇರು ಹೋದರೆ ಕಿಲೋವನ್ನು ಹಿಡಿದುಕೊಂಡಿತು, 233 ಗ್ರಾಂ ಇದ್ದದ್ದು 250 ಆಯಿತು. ನವಟಾಕಿಗೆ ಆ ಸೌಕರ್ಯ ಇರಲಿಲ್ಲ, ಅದರ ಹೊಟ್ಟೆಯಲ್ಲಿ ಟಂಕ ಎಂಬ ಸತ್ತ ತೂಕವಿತ್ತು. ಮುಂಬೈ ಮರಾಠಿಯಲ್ಲಿ ಅದು ಸಾರಾಯಿಯ ಸಣ್ಣ ಅಳತೆಯ ಹೆಸರಾಗಿ ಕೆಲಕಾಲ ಬದುಕಿತು. ತೊಲದ ಗತಿ ಇನ್ನೂ ವಿಚಿತ್ರ: ಕಾನೂನಿನ ತೊಲ 11.66 ಗ್ರಾಂ, ಬಂಗಾರದ ಅಂಗಡಿಯ ಮಾತಿನ ತೊಲ ಈಗ 10 ಗ್ರಾಂ. ಅಜ್ಜಿಯ ಐದು ತೊಲದ ಸರಕ್ಕೂ ಮೊಮ್ಮಗಳ ಐದು ತೊಲದ ಸರಕ್ಕೂ 8 ಗ್ರಾಮಿಗಿಂತ ಹೆಚ್ಚು ಅಂತರ. ಹಳೆಯ ಒಡವೆ ಪಟ್ಟಿ ನೋಡಿ ಪಾಲು ಮಾಡುವಾಗ ಇದನ್ನು ಕೇಳುವವರು ಕಡಿಮೆ. ಗುಲಗಂಜಿ ತೂಕ ಇದೇ ಸರಪಳಿಯ ಕೊನೆಯ ಕೊಂಡಿ: 8 ಗುಂಜಿಗೆ ಒಂದು ಮಾಷ, 12 ಮಾಷಕ್ಕೆ ಒಂದು ತೊಲ. ಒಂದು ಗುಂಜಿ ಸುಮಾರು 0.12 ಗ್ರಾಂ.

ಇನ್ನು ಚಿಟಿಕೆ. ಬೆರಳು ಚಿಟ್ ಎನ್ನಿಸುವ ಸದ್ದಿಗೂ, ಬೆರಳ ತುದಿಯಲ್ಲಿ ಹಿಡಿಯುವ ಪುಡಿಗೂ ನಮ್ಮಲ್ಲಿ ಒಂದೇ ಹೆಸರು. ಹಿಂದಿಯ ‘ಚುಟ್ಕಿ’ಯಲ್ಲೂ ಹಾಗೇ. ಅಳತೆಯಾಗಿ ಚಿಟಿಕೆಯ ತೊಡಕು ಏನೆಂದರೆ ಎರಡು ಬೆರಳಿನದ್ದೋ ಮೂರು ಬೆರಳಿನದ್ದೋ ಎಂದು ಯಾರೂ ಹೇಳುವುದಿಲ್ಲ. ಎರಡು ಬೆರಳಿನ ಚಿಟಿಕೆ ಒಂದು ಟೀ ಚಮಚದ ಹದಿನಾರರಲ್ಲೊಂದು ಪಾಲಿನ ಆಸುಪಾಸು. ಪುಡಿ ಉಪ್ಪಾದರೆ 0.4 ಗ್ರಾಮಿನಷ್ಟು, ಅರಿಸಿನ ಹಗುರ, ಅದರ ಅರ್ಧದಷ್ಟು. ಮೂರು ಬೆರಳು ಸೇರಿದರೆ ಸುಲಭವಾಗಿ ಎರಡು ಪಟ್ಟಾಗುತ್ತದೆ. ಉಪ್ಪಿನ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಗೋಕರ್ಣದ ಹತ್ತಿರದ ಸಾಣಿಕಟ್ಟಾದಲ್ಲಿ ತೆಗೆಯುವ ಹರಳುಪ್ಪಿನ ನಡುವೆ ಗಾಳಿ ಹೆಚ್ಚು. ಒಂದು ಚಮಚ ಹರಳುಪ್ಪು ಒಂದು ಚಮಚ ಪುಡಿ ಉಪ್ಪಿಗಿಂತ ಕಡಿಮೆ ತೂಗುತ್ತದೆ. ಹರಳುಪ್ಪಿನ ಕಾಲದ ಲೆಕ್ಕವನ್ನು ಪ್ಯಾಕೆಟ್ ಉಪ್ಪಿಗೆ ಹಾಗೇ ಇಳಿಸಿದರೆ ಸಾರು ಉಪ್ಪಾಗುವುದು ಇದರಿಂದಲೇ. ರಕ್ತದೊತ್ತಡ ಇರುವವರ ಮನೆಯಲ್ಲಿ ಇನ್ನೊಂದು ಲೆಕ್ಕ ಉಪಯೋಗಕ್ಕೆ ಬರುತ್ತದೆ: ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಜ್ಜಿಗೆಗೆ, ಗಂಜಿಗೆ, ಹಣ್ಣಿಗೆ ಎಂದು ಮೂರು ಸಲ ಮೂರು ಬೆರಳಿನ ಚಿಟಿಕೆ ಉದುರಿಸಿಕೊಂಡರೆ ಅಡುಗೆಯ ಉಪ್ಪಿನ ಮೇಲೆ ಆ 5 ಗ್ರಾಮಿನ ಅರ್ಧದಷ್ಟು ಸೇರಿಯಾಯಿತು.

ಹಾಗೆಂದು ಚಿಟಿಕೆಯನ್ನು ಅಳತೆ ಮಾಡಲು ಬರುವುದೇ ಇಲ್ಲ ಎನ್ನುವಂತಿಲ್ಲ. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 1980ರಿಂದ 1990ರವರೆಗೆ ಮನೆಮನೆಗೆ ಹೋಗಿ ವಾಂತಿಭೇದಿಗೆ ಬೆಲ್ಲದ ನೀರು ಮಾಡುವುದನ್ನು ತಾಯಂದಿರಿಗೆ ಕಲಿಸಿತು, ಒಂದು ಕೋಟಿಗೂ ಹೆಚ್ಚು ಮನೆಗಳಲ್ಲಿ. ಚಮಚ ಇಲ್ಲದ ಮನೆಗಳೇ ಹೆಚ್ಚು. ಅವರ ಸೂತ್ರ: ಅರ್ಧ ಸೇರು ನೀರಿಗೆ ಒಂದು ಮುಷ್ಟಿ ಬೆಲ್ಲ, ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಅದೂ ಬೆರಳಿನ ಮೊದಲ ಗೆರೆಯವರೆಗೆ ಮಾತ್ರ. ಮನೆಯ ಪಾತ್ರೆಯಲ್ಲಿ ಅರ್ಧ ಸೇರಿನ ಗುರುತು ಹಾಕಿಕೊಟ್ಟರು, ತಾಯಂದಿರ ಕೈಯಲ್ಲೇ ಮಾಡಿಸಿ ನೋಡಿದರು. ಎಷ್ಟು ಬೆರಳು, ಎಲ್ಲಿಯವರೆಗೆ, ಎಷ್ಟು ನೀರಿಗೆ ಎಂಬ ಮೂರೂ ಸೇರಿದ ಮೇಲೆ ಚಿಟಿಕೆ ಅಳತೆಯಾಯಿತು. ನಮ್ಮಲ್ಲಿ ಓಆರ್‌ಎಸ್ ಪೊಟ್ಟಣ ಸಿಗುತ್ತದೆ, ಅದೇ ಒಳ್ಳೆಯದು: ಪೂರ್ತಿ ಪೊಟ್ಟಣ, ಅದರ ಮೇಲೆ ಬರೆದಷ್ಟೇ ನೀರು. ಪೊಟ್ಟಣ ಇಲ್ಲದ ರಾತ್ರಿಗೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ 6 ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಮಟ್ಟ ಟೀ ಚಮಚ ಉಪ್ಪು. ‘ಮಟ್ಟ’ ಎಂಬುದು ಮುಖ್ಯ, ಗೋಪುರ ಬೇಡ. ಸಕ್ಕರೆ ಹೆಚ್ಚಾದರೆ ಕರುಳಿಗೆ ನೀರು ಎಳೆದು ಭೇದಿ ಜೋರಾಗುತ್ತದೆ. ಉಪ್ಪು ಹೆಚ್ಚಾದರೆ ಮಗುವಿನ ರಕ್ತದಲ್ಲಿ ಸೋಡಿಯಂ ಏರುತ್ತದೆ, ಅದು ಭೇದಿಗಿಂತ ಅಪಾಯ.

‘ಚೂರು’ ಚೆನ್ನಾಗಿ ಕೆಲಸ ಮಾಡುವ ಜಾಗಕ್ಕೆ ಬರೋಣ. ತಂಬುಳಿಯ ಬೆಲ್ಲಕ್ಕೆ ಗ್ರಾಂ ಗೊತ್ತುಮಾಡಿ ಉಪಯೋಗವಿಲ್ಲ, ಏಕೆಂದರೆ ಮಜ್ಜಿಗೆಯ ಹುಳಿ ದಿನದಿನಕ್ಕೆ ಬೇರೆ. ಅಪ್ಪೆಹುಳಿಗೂ ಹಾಗೇ, ಒಂದು ಮರದ ಮಾವಿನ ಹುಳಿ ಇನ್ನೊಂದಕ್ಕಿಲ್ಲ. ನಾಲಿಗೆ ಹೇಳಿದಾಗ ನಿಲ್ಲಿಸುವುದೇ ಅಲ್ಲಿ ಅಳತೆ. ಇದಕ್ಕಿಂತ ಸ್ಪಷ್ಟವಾಗಿ ಈ ತರ್ಕ ಕಾಣುವುದು ಅಡಿಕೆ ತೋಟದಲ್ಲಿ, ಮಳೆಗಾಲದ ಬಾಗಿಲಲ್ಲಿ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕೂಡಿಸುವಾಗ.

ಶೇಕಡ 1ರ ದ್ರಾವಣಕ್ಕೆ ಲೆಕ್ಕ ಎಲ್ಲರಿಗೂ ಬಾಯಿಪಾಠ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರಿಗೆ ತುತ್ತ, ಇನ್ನೊಂದರಲ್ಲಿ 50 ಲೀಟರಿಗೆ ಸುಣ್ಣ ಕರಗಿಸಿ ಸೋಸಬೇಕು. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು. ತಿರುಗುಮುರುಗಾದರೆ ಕಣ ದಪ್ಪಗಾಗಿ ಬೇಗ ತಳ ಕಟ್ಟುತ್ತದೆ, ಎಲೆಗೂ ಕಾಯಿಗೂ ಸರಿಯಾಗಿ ಹಿಡಿಯುವುದಿಲ್ಲ. ಇಷ್ಟೆಲ್ಲ ತೂಕದಂತೆ ಮಾಡಿದರೂ ಒಂದು ವಿಷಯ ಕೈಗೆ ಸಿಗುವುದಿಲ್ಲ, ಅದು ಸುಣ್ಣದ ಸತ್ವ. ಚಿಪ್ಪಿನ ಸುಣ್ಣವಾಗಲಿ ಕಲ್ಲಿನ ಸುಣ್ಣವಾಗಲಿ, ಚೀಲ ಬಿಚ್ಚಿ ಗಾಳಿಗೆ ಬಿದ್ದರೆ ನಿಧಾನಕ್ಕೆ ಬರಿ ಸೀಮೆಸುಣ್ಣದಂಥ ಪುಡಿಯಾಗುತ್ತದೆ. ಅಂಥದ್ದನ್ನು 1 ಕಿಲೋ ಹಾಕಿದರೂ ತುತ್ತದ ಹುಳಿ ಸಾಯುವುದಿಲ್ಲ. ಆಗ ಪರೀಕ್ಷೆ: ತಿಕ್ಕಿ ಹೊಳೆಯಿಸಿದ ಕಬ್ಬಿಣದ ಚೂರಿ ಅಥವಾ ಕತ್ತಿಯ ಅಲಗನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆಯುವುದು. ಅಲಗಿನ ಮೇಲೆ ಕೆಂಪು ಬಣ್ಣದ ತಾಮ್ರ ಕೂತರೆ ದ್ರಾವಣದಲ್ಲಿ ಬಿಡಿ ತಾಮ್ರ ಉಳಿದಿದೆ, ಹೊಡೆದರೆ ಎಳೆಗಾಯಿ, ಹಿಂಗಾರ (ಅಡಿಕೆಯ ಹೂಗೊನೆ) ಸುಡುತ್ತದೆ. ಈ ಹೊತ್ತಿಗೆ ಹೇಳುವ ಮಾತೇ ‘ಒಂಚೂರು ಸುಣ್ಣ ಹಾಕು’. ಸುಣ್ಣದ ತಿಳಿ ಸುರಿ, ಕಲಕು, ಅಲಗು ಅದ್ದು. ಅಲಗು ಬೆಳ್ಳಗೆ ಬಂದಾಗ ನಿಲ್ಲಿಸು. ಇಲ್ಲಿ ‘200 ಗ್ರಾಂ ಹೆಚ್ಚಿಗೆ ಹಾಕಿ’ ಎಂದು ಬರೆದಿಟ್ಟರೆ ಒಳ್ಳೆಯ ಸುಣ್ಣ ಇದ್ದವರ ದ್ರಾವಣ ಅನಗತ್ಯ ಗಟ್ಟಿಯಾಗಿ ನಳಿಕೆ ಕಟ್ಟುತ್ತದೆ, ಮರದ ಮೇಲೆ ಕೂತು ಔಷಧ ಹೊಡೆಯುವ ಕೊನೆಗೌಡನ ಬೈಗುಳ ಕೆಳಗಿದ್ದವನಿಗೆ.

ಮಿಡಿ ಉಪ್ಪಿನಕಾಯಿಯಲ್ಲಿ ಇದೇ ‘ಚೂರು’ ಕೈಕೊಡುತ್ತದೆ. ‘ಉಪ್ಪು ಚೂರು ಕಡಿಮೆ ಮಾಡಿ, ಆರೋಗ್ಯಕ್ಕೆ ಒಳ್ಳೆಯದು’ ಎಂಬ ಸಲಹೆ ಈಗ ಹಬ್ಬಿದೆ. ಮಿಡಿಯ ತೂಕದ ಐದರಲ್ಲೊಂದರಿಂದ ನಾಲ್ಕರಲ್ಲೊಂದು ಪಾಲು ಉಪ್ಪು ಹಾಕುವ ರೂಢಿ ರುಚಿಗಾಗಿ ಹುಟ್ಟಿದ್ದಲ್ಲ. ಅಷ್ಟು ಉಪ್ಪಿಗೆ ಮಿಡಿಯ ನೀರು ಹೊರಬಂದು, ಕೊಳೆಸುವ ಜೀವಿಗಳು ಬೆಳೆಯದೆ, ಮಿಡಿ ಚಿರುಟಿ ಗಟ್ಟಿಯಾಗಿ ಉಳಿಯುತ್ತದೆ. ಕಡಿಮೆ ಹಾಕಿದ ಭರಣಿ ಮೊದಲ ವಾರ ಚೆನ್ನಾಗೇ ಕಾಣುತ್ತದೆ. ಬೂಸು ಕಾಣುವುದು, ಮಿಡಿ ಮೆತ್ತಗಾಗುವುದು ಮಳೆಗಾಲದಲ್ಲಿ, ಆಗ ಮಿಡಿ ಕಾಲ ಮುಗಿದಿರುತ್ತದೆ. ಉಪ್ಪು ಕಡಿಮೆ ಬೇಕಾದವರು ಭರಣಿಯಲ್ಲಿ ಕಡಿಮೆ ಮಾಡುವುದಕ್ಕಿಂತ ಬಾಳೆಯಲ್ಲಿ ಅರ್ಧ ಮಿಡಿ ಹಾಕಿಸಿಕೊಳ್ಳುವುದು ಮೇಲು. ಇಂಗಿಗೂ ಇಂಥದೇ ತೊಂದರೆ ಇದೆ: ‘ಕಡಲೆಯಷ್ಟು ಇಂಗು’ ಎಂದು ಬರೆದವರ ಗಟ್ಟಿ ಇಂಗೇ ಬೇರೆ, ಗೋದಿ ಹಿಟ್ಟು, ಗೋಂದು ಬೆರೆಸಿದ ಅಂಗಡಿಯ ಪುಡಿಯೇ ಬೇರೆ.

ಅಡುಗೆ ಸೋಡದ ಚಿಟಿಕೆ ಗುರುತು ಕೂಡಲೇ ಸಿಗುವ, ತಡವಾಗಿ ಸಿಗುವ ಈ ಎರಡು ಬಗೆಯ ನಡುವಿನದ್ದು. ಬಜ್ಜಿ ಹಿಟ್ಟಿಗೆ ಹೆಚ್ಚಾದರೆ ಹಸಿಯಿರುವಾಗ ತಿಳಿಯುವುದಿಲ್ಲ, ಕರಿದ ಮೇಲೆ ಸೋಪಿನ ರುಚಿ ಬರುತ್ತದೆ. ಹಿಟ್ಟಿನಲ್ಲಿ ಅರಿಸಿನ ಇದ್ದರೆ ಒಂದು ಕುರುಹು ಮೊದಲೇ ಸಿಗುತ್ತದೆ, ಸೋಡ ಗಂಟಾದಲ್ಲಿ ಕೆಂಪು ಚುಕ್ಕೆ ಏಳುತ್ತದೆ. ಅರಿಸಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವ ರಸಾಯನವೇ ಅದು. ಚುಕ್ಕೆ ಕಂಡರೆ ತುಸು ಲಿಂಬೆ ಹಿಂಡಿ ಕಲಕಿ, ಮತ್ತೆ ಹಳದಿಗೆ ತಿರುಗುತ್ತದೆ. ಕುಮಟೆ, ಅಂಕೋಲೆ ಕಡೆಯ ಬನ್ಸಿಗೆ ಎರಡು ಕಪ್ಪು ಮೈದಾಕ್ಕೆ ಕಾಲು ಟೀ ಚಮಚ ಸೋಡ ಸಾಕು, ಅದು ಒಂದು ಗ್ರಾಮಿಗಿಂತ ತುಸು ಹೆಚ್ಚು. ಬಾಳೆಹಣ್ಣು, ಮೊಸರಿನ ಹುಳಿ ಇದ್ದರೆ ಅದು ಚೆನ್ನಾಗಿ ಉಬ್ಬಿಸುತ್ತದೆ.

ನಿಜವಾದ ಅಪಾಯ ಮುಚ್ಚಳದಲ್ಲಿದೆ. ತೋಟದ ಕೀಟನಾಶಕಕ್ಕೆ ‘ಕ್ಯಾನಿಗೆ ಎರಡು ಮುಚ್ಚಳ’ ಎನ್ನುವುದು ಈಗ ಹಳ್ಳಿಯ ಹೊಸ ಚಟಾಕು. ಲೀಟರಿಗೆ 2 ಮಿಲಿ ಎಂದು ಬರೆದ ಔಷಧ 16 ಲೀಟರ್ ಕ್ಯಾನಿಗೆ 32 ಮಿಲಿ ಬೇಕು. ಮುಚ್ಚಳಗಳು 5 ಮಿಲಿಯವೂ ಇವೆ, 20 ಮಿಲಿಯವೂ ಇವೆ, ಬಾಟಲಿ ದೊಡ್ಡದಾದಷ್ಟೂ ಮುಚ್ಚಳ ದೊಡ್ಡದು. ಕಾಲು ಲೀಟರ್ ಬಾಟಲಿಯ ಲೆಕ್ಕವನ್ನು ಒಂದು ಲೀಟರ್ ಬಾಟಲಿಗೆ ದಾಟಿಸಿದರೆ ಅರಿವಿಲ್ಲದೆ ಎರಡು ಮೂರು ಪಟ್ಟು ಬೀಳುತ್ತದೆ. ಸೂಜಿ ತೆಗೆದ 20 ಮಿಲಿ ಸಿರಿಂಜೊಂದನ್ನು ಔಷಧದ ಪೆಟ್ಟಿಗೆಯಲ್ಲೇ ಕಟ್ಟಿಟ್ಟರೆ ಮುಗಿಯಿತು. ಅದು ಅಡುಗೆಮನೆಗೆ ಎಂದೂ ಬರಬಾರದು.

ಮಕ್ಕಳ ಸಿರಪ್ಪಿಗೆ ‘ಒಂದು ಚಮಚ’ವೂ ಹೀಗೇ. ವೈದ್ಯರ ಚಮಚ 5 ಮಿಲಿ. ಮನೆಯ ಚಮಚಗಳಲ್ಲಿ ಅದರ ಅರ್ಧ ಹಿಡಿಯುವುದೂ ಇದೆ, ಒಂದೂವರೆ ಪಟ್ಟು ಹಿಡಿಯುವುದೂ ಇದೆ. ಜ್ವರದ ಪ್ಯಾರಸಿಟಮಾಲಿನಲ್ಲಿ ಇನ್ನೊಂದು ಸುಳಿ ಇದೆ: ಸಿರಪ್ಪು 5 ಮಿಲಿಗೆ 120 ಅಥವಾ 125 ಮಿಲಿಗ್ರಾಮಿನದ್ದೂ ಸಿಗುತ್ತದೆ, 250ರದ್ದೂ ಸಿಗುತ್ತದೆ. ಶಿಶುಗಳ ಹನಿ ಔಷಧ 1 ಮಿಲಿಯಲ್ಲೇ 100 ಮಿಲಿಗ್ರಾಂ. ಪಕ್ಕದ ಮನೆಯವರು ‘ನಮ್ಮ ಮಗೂಗೆ ಒಂದು ಚಮಚ ಕೊಟ್ವಿ’ ಅಂದದ್ದನ್ನು ಕೇಳಿ ಹನಿ ಔಷಧವನ್ನು ಚಮಚದಲ್ಲಿ ಕೊಟ್ಟರೆ 500 ಮಿಲಿಗ್ರಾಂ ಹೋಗುತ್ತದೆ. ಹೆಚ್ಚಾದದ್ದು ಆ ಹೊತ್ತಿಗೆ ಗೊತ್ತಾಗುವುದಿಲ್ಲ, ಯಕೃತ್ತಿಗೆ ಆದ ಪೆಟ್ಟು ಒಂದೆರಡು ದಿನ ಬಿಟ್ಟು ಕಾಣುತ್ತದೆ. ಆ ಬಾಟಲಿಯ ಜೊತೆ ಬಂದ ಲೋಟ ಅಥವಾ ಹನಿಗೊಳವೆ ಆ ಬಾಟಲಿಗೆ ಮಾತ್ರ, ಡೋಸು ಮಗುವಿನ ತೂಕ ನೋಡಿ ವೈದ್ಯರು ಹೇಳಿದ ಮಿಲಿಯಲ್ಲಿ.

ಹಳೆಯ ಅಡುಗೆಗಳನ್ನು ಬರೆದಿಡಲು ಹೊರಟವರಿಗೆ ಒಂದು ಕ್ರಮ ಹೇಳಬಹುದು. ಅಜ್ಜಿಯನ್ನು ಎಷ್ಟು ಎಂದು ಕೇಳಬೇಡಿ, ಅವರು ‘ಒಂಚೂರು’ ಅಂತಲೇ ಹೇಳುವವರು. ಬೆಲ್ಲದ ಡಬ್ಬಿ, ಉಪ್ಪಿನ ಭರಣಿಯನ್ನು ಅಡುಗೆಗೆ ಮುಂಚೆ ತೂಗಿ, ಮುಗಿದ ಮೇಲೆ ಮತ್ತೆ ತೂಗಿ, ಕಳೆದು ಬರೆದುಕೊಳ್ಳಿ. ಮನೆಯ ತಕ್ಕಡಿ ಒಂದು ಗ್ರಾಮಿನ ಕೆಳಗೆ ನಂಬಲಾಗದು. ಆದ್ದರಿಂದ ಚಿಟಿಕೆಯ ತೂಕ ಬೇಕಾದರೆ ಅವರ ಕೈಯಲ್ಲೇ ಹತ್ತು ಚಿಟಿಕೆ ತಟ್ಟೆಗೆ ಹಾಕಿಸಿ ಹತ್ತರಿಂದ ಭಾಗಿಸಿ. ಉಪ್ಪು ಹರಳೋ ಪುಡಿಯೋ ಎಂದು ಸೇರಿಸಿ. ಕೊನೆಗೆ, ಅವರು ಕೈ ನಿಲ್ಲಿಸುವ ಮೊದಲು ಏನನ್ನು ನೋಡಿದರು ಎಂಬುದನ್ನೂ ಬರೆಯಿರಿ: ‘ಬೆಲ್ಲ 8 ಗ್ರಾಮಿನಿಂದ ಶುರುಮಾಡಿ, ಮಜ್ಜಿಗೆಯ ಹುಳಿ ನಾಲಿಗೆಯ ಬದಿಗೆ ಚುಚ್ಚುವುದು ನಿಂತಾಗ ನಿಲ್ಲಿಸಿ, ಸಿಹಿ ತಿಳಿಯಬಾರದು.’